ಪುಟ ತೆರೆಯುತ್ತಿದೆ, ದಯವಿಟ್ಟು ಕಾಯಿರಿ

ಮಾರ್ಚ್ 3, ಸೋಮವಾರ

ರೋಗಿ: ಹಜಾರದ ಗೋಡೆಗೆ ಹೊಡೆದಿರುವ ಇಂಟರ್ನೆಟ್ ಪೆಟ್ಟಿಗೆ. ದೂರು: ಸುಸ್ತು, ಎಲ್ಲದಕ್ಕೂ ನಿಧಾನ. ಯಾವಾಗಿನಿಂದ: ಸುಮಾರು ಎರಡು ವಾರ. ಜ್ವರ ಇಲ್ಲ.

ಹೀಗೆ ಬರೆಯುವುದು ನನ್ನ ಹಳೆಯ ಚಾಳಿ. ಪಾಳಿ ಮುಗಿಸಿ ಹೊರಡುವ ಮೊದಲು ಮುಂದಿನ ನರ್ಸಿಗೆ ನಾಲ್ಕು ಸಾಲು ಬರೆದಿಟ್ಟು ಬರಬೇಕಿತ್ತು: ಯಾವ ಮಂಚದವರು ಉಂಡರು, ಯಾರು ವಾಂತಿ ಮಾಡಿಕೊಂಡರು, ಯಾರು ಸುಮ್ಮನೆ ಗಲಾಟೆ ಮಾಡಿದರು. ಈಗ ಮುಂದಿನ ಪಾಳಿಗೆ ಬರುವವರು ಯಾರೂ ಇಲ್ಲ. ಬರೆದದ್ದನ್ನು ನಾನೇ ಓದಿಕೊಳ್ಳಬೇಕು.

ಇವತ್ತು ಮೊದಲ ಅಣಕು ಪರೀಕ್ಷೆ ಇತ್ತು. ನಪಾಸು. ನೋಂದಣಿಯನ್ನು ನವೀಕರಿಸದೆ ವರ್ಷಗಟ್ಟಲೆ ಬಿಟ್ಟ ನನ್ನಂಥವರಿಗೆ ನರ್ಸಿಂಗ್ ಮಂಡಳಿಯವರು ಈ ಸಲ ಕೊನೆಯ ಅವಕಾಶ ಕೊಟ್ಟಿದ್ದಾರೆ. ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಪರೀಕ್ಷೆ ಬರೆಯಬೇಕು. ಅದಕ್ಕೂ ಮೊದಲು ಮೂರು ಸೋಮವಾರ ಮೂರು ಅಣಕು ಪರೀಕ್ಷೆ. ಮೂರರಲ್ಲಿ ಒಂದಾದರೂ ಪಾಸಾದವರಿಗೆ ಮಾತ್ರ ನಿಜವಾದದ್ದಕ್ಕೆ ಪ್ರವೇಶ. ಇಲ್ಲವಾದರೆ ಕೋರ್ಸನ್ನೇ ಮೊದಲಿನಿಂದ ಓದಬೇಕು, ಈ ನಲವತ್ತಾರನೆಯ ವಯಸ್ಸಿನಲ್ಲಿ, ಪಿಯುಸಿ ಮುಗಿಸಿ ಬಂದ ಹುಡುಗಿಯರ ಪಕ್ಕದ ಬೆಂಚಿನಲ್ಲಿ. ಅದು ಆಗುವ ಹೋಗುವ ಮಾತಲ್ಲ. ಅಂದರೆ ನಾನು ಇನ್ನು ನರ್ಸ್ ಅಲ್ಲ ಎಂದೇ ಆಯಿತು.

ಉತ್ತರ ಗೊತ್ತಿರಲಿಲ್ಲ ಎಂದಲ್ಲ. ಒಂದೊಂದು ಪ್ರಶ್ನೆಗೆ ಒಂದೊಂದು ಪುಟ ಮಾಡಿದ್ದಾರೆ ಪುಣ್ಯಾತ್ಮರು. ಉತ್ತರ ಗುರುತು ಮಾಡಿ ‘ಮುಂದೆ’ ಒತ್ತಿದರೆ ಬಿಳಿ ಪರದೆ, ನಡುವೆ ಗಿರಗಿರ ತಿರುಗುವ ಬಳೆ, ಅದರ ಕೆಳಗೆ ‘ಪುಟ ತೆರೆಯುತ್ತಿದೆ, ದಯವಿಟ್ಟು ಕಾಯಿರಿ’. ನಾನೇನೋ ಕಾಯುತ್ತೇನೆ. ಮೂಲೆಯಲ್ಲಿರುವ ಗಡಿಯಾರ ಕಾಯಬೇಕಲ್ಲ! ಪುಟ ಬಂದ ಮೇಲೆ ಚಿತ್ರಗಳೆಲ್ಲ ಪಟಪಟ ಬಂದು ಬೀಳುತ್ತವೆ. ಬರುವುದಕ್ಕೆ ಮೊದಲು ಮಾತ್ರ ಬಾಗಿಲಲ್ಲಿ ನಿಂತು ಯೋಚನೆ ಮಾಡುತ್ತದೆ. ಕೊನೆಯ ಇಪ್ಪತ್ತು ಚಿಲ್ಲರೆ ಪ್ರಶ್ನೆಗಳ ಮುಖವನ್ನೇ ನಾನು ನೋಡಲಿಲ್ಲ.

ಕೋಣೆಯಿಂದ ಹೊರಗೆ ಬಂದಾಗ ಅತ್ತೆ ಬಟಾಣಿ ಸುಲಿಯುತ್ತಿದ್ದರು. ಹೇಗಾಯಿತು ಎಂದು ಒಂದು ಮಾತು ಕೇಳಲಿಲ್ಲ. “ಸಿಪ್ಪೆ ತುಂಬಿದೆ ನೋಡು, ಬುಟ್ಟಿ ಖಾಲಿ ಮಾಡ್ಕೊಂಡ್ ಬಾ” ಎಂದರು. ಮಾಡಿಕೊಂಡು ಬಂದೆ.

ಮಾರ್ಚ್ 4, ಮಂಗಳವಾರ

ನಮ್ಮವರಿಗೆ ಹೇಳಿದೆ. ಬಸ್ ಡಿಪೋದಲ್ಲಿ ಯಾವ ಗಾಡಿ ಯಾವಾಗ ಹೊರಡಬೇಕು ಎಂದು ಬರೆದಿಡುವುದು ಇವರ ಕೆಲಸ. ಹಾಗಾಗಿ ತಡವಾದದ್ದು ಯಾವುದೇ ಆಗಲಿ, ತಮಗೆ ಗೊತ್ತಿರುವ ವಿಷಯ ಎಂದು ಇವರ ನಂಬಿಕೆ.

“ಆಫ್ ಮಾಡಿ ಆನ್ ಮಾಡು.”

“ಮಾಡಾಯ್ತು ರೀ.”

“ಇನ್ನೊಂದ್ಸಲ ಮಾಡು. ಸ್ವಲ್ಪ ಹೊತ್ತು ಬಿಟ್ಟು ಆನ್ ಮಾಡ್ಬೇಕು. ಅದಕ್ಕೂ ರೆಸ್ಟ್ ಬೇಕಲ್ವಾ?”

ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿದೆ. ಎತ್ತಿಕೊಂಡವರಿಗೆ ನೆಗಡಿ. ಎರಡು ಮಾತಿಗೊಮ್ಮೆ “ಒಂದ್ನಿಮಿಷ ಲೈನಲ್ಲಿರಿ ಮೇಡಂ” ಎಂದು ಸಂಗೀತ ಹಚ್ಚಿ ಹೋಗುತ್ತಾರೆ. ವೇಗ ಅಳೆಯುವ ಪುಟ ತೆರೆಯಲು ಹೇಳಿದರು. ಅದು ತೆರೆದುಕೊಳ್ಳುವಷ್ಟರಲ್ಲಿ ಮೂಗು ಮೂರು ಸಲ ಸೀಟಿಕೊಂಡರು. ಮುಳ್ಳು ಮಾತ್ರ ಬಲಕ್ಕೆ ಹೋಗಿ ತುದಿಯಲ್ಲಿ ನಿಂತಿತು.

“ಫುಲ್ ಸ್ಪೀಡ್ ಇದೆಯಲ್ಲ ಮೇಡಂ. ನಮ್ ಕಡೆಯಿಂದ ಏನೂ ತೊಂದ್ರೆ ಇಲ್ಲ.”

ವಾರ್ಡಿನಲ್ಲಿ ನಾನೂ ಹೀಗೆಯೇ ಹೇಳುತ್ತಿದ್ದೆ: ಬಿಪಿ ಸರಿಯಾಗಿದೆ, ನಾಡಿ ಸರಿಯಾಗಿದೆ, ನಿಮಗೇನೂ ಇಲ್ಲ, ಮಲಗಿ. ಅವರ ಹೊಟ್ಟೆ ನೋಯುತ್ತಲೇ ಇರುತ್ತಿತ್ತು.

ಮಾರ್ಚ್ 6, ಗುರುವಾರ

ಅತ್ತೆಯ ಮೇಲೆ ಸಿಟ್ಟು ಬಂದಿದೆ. ಬರೆದುಬಿಟ್ಟರೆ ಇಳಿಯಬಹುದು.

ಮನೆಯಲ್ಲಿರುವುದು ಎರಡು ಕೋಣೆ. ಒಂದು ನಮ್ಮದು, ಇವರು ನಸುಕಿನ ಪಾಳಿಗೆಂದು ಸಂಜೆಯೇ ದೀಪ ಆರಿಸಿ ಮಲಗುತ್ತಾರೆ, ಅಲ್ಲಿ ಓದುವ ಹಾಗಿಲ್ಲ. ಇನ್ನೊಂದು ಅತ್ತೆಯದು. ಕಳೆದ ತಿಂಗಳು ಅದರಲ್ಲಿ ನನ್ನ ಮೇಜು ಹಾಕಿಕೊಂಡೆ. ಮೇಜು ಒಳಗೆ ಹೋಗಬೇಕಾದರೆ ಮಂಚ ಹೊರಗೆ ಬರಬೇಕಿತ್ತು, ಬಂತು. ಆಗ ಅತ್ತೆ “ಹೂಂ” ಎಂದಷ್ಟೇ ಹೇಳಿದ್ದರು. ಆ ‘ಹೂಂ’ ಇವತ್ತಿಗೂ ನನ್ನ ಕಿವಿಯಲ್ಲಿದೆ. ಇವತ್ತು ಕೋಣೆಗೆ ಬಂದು ಬೀರುವಿನಿಂದ ಶಾಲು ತೆಗೆದುಕೊಂಡು, ನನ್ನ ಪುಸ್ತಕಗಳ ರಾಶಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, “ಇಷ್ಟೊಂದಾ?” ಎಂದು ಹೋದರು.

ಇಷ್ಟೊಂದೇ. ಮಾವನವರು ಹಾಸಿಗೆ ಹಿಡಿದಾಗ ಕೆಲಸ ಬಿಟ್ಟವಳು ನಾನು. ಮನೆಯಲ್ಲೇ ನರ್ಸ್ ಇರುವಾಗ ಬೇರೆಯವರು ಯಾಕೆ ಎಂದರು ಎಲ್ಲರೂ. ಸರಿ ಎಂದೆ. ಅವರು ತೀರಿಕೊಂಡು ಮೂರು ವರ್ಷವಾಯಿತು. ಅಷ್ಟು ವರ್ಷ ಮಾಡಿದ್ದಕ್ಕೆ ಅತ್ತೆಯ ಬಾಯಿಂದ ಒಂದು ಒಳ್ಳೆಯ ಮಾತು ಬಂದಿಲ್ಲ. ಬರಲಿ ಎಂದು ಮಾಡಿದ್ದಲ್ಲ, ಆದರೂ.

ಸಿಟ್ಟು ಇಳಿದಿಲ್ಲ. ಹೋಗಿ ಸೋಂಕು ನಿಯಂತ್ರಣದ ಅಧ್ಯಾಯ ಓದುತ್ತೇನೆ.

ಮಾರ್ಚ್ 9, ಭಾನುವಾರ

ಇವರ ಡಿಪೋದಲ್ಲಿ ಒಬ್ಬ ಮೆಕ್ಯಾನಿಕ್ ಇದ್ದಾರಂತೆ, ಎಲ್ಲ ಬಲ್ಲವರಂತೆ. “ಅದು ಡಿಎನ್ಎಸ್ ಪ್ರಾಬ್ಲಂ. ನಂಬರ್ ಬದಲಾಯಿಸಿದ್ರೆ ಬಾಣದ ಥರ ಓಡುತ್ತೆ” ಎಂದು ಚೀಟಿಯಲ್ಲಿ ನಂಬರ್ ಬರೆದುಕೊಟ್ಟಿದ್ದಾರೆ. ಇವರು ಕನ್ನಡಕ ಏರಿಸಿಕೊಂಡು ನನ್ನ ಲ್ಯಾಪ್‌ಟಾಪಿನ ಮುಂದೆ ಕೂತರು. ನಾನು ಹಿಂದೆ ನಿಂತೆ.

“ರೀ, ಡಿಎನ್ಎಸ್ ಅಂದ್ರೆ ಏನು?”

“ಅದೆಲ್ಲಾ ನಿನಗ್ಯಾಕೆ? ನೀನು ಓದ್ಕೋ.”

ನಂಬರ್ ಹಾಕಿದರು. ನಿಧಾನವಾಗಿ ಬರುತ್ತಿದ್ದ ಪುಟಗಳು ಆಮೇಲೆ ಬರುವುದನ್ನೇ ನಿಲ್ಲಿಸಿದವು. ಇವರು ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿದರು, ಮೆಕ್ಯಾನಿಕ್‌ಗೆ ಫೋನ್ ಮಾಡಿದರು, ಅವರು ಮದುವೆ ಮನೆಯಲ್ಲಿದ್ದರು. ಊಟದ ಹೊತ್ತಿಗೆ ನನ್ನ ಲ್ಯಾಪ್‌ಟಾಪಿಗೆ ಇಂಟರ್ನೆಟ್ಟೇ ಇರಲಿಲ್ಲ. ಇವರು ಉಂಡು ಮಲಗಿದರು.

ನಾನು ಕೂತೆ. ಇವರು ಎಲ್ಲೆಲ್ಲಿ ಒತ್ತಿದರು ಎಂದು ಹಿಂದೆ ನಿಂತು ನೋಡಿದ್ದೆನಲ್ಲ, ಅದೇ ದಾರಿಯಲ್ಲಿ ಹೋದೆ. ಚೀಟಿಯ ಒಂದು ಅಂಕಿಯನ್ನು ಇವರು ಬಿಟ್ಟೇ ಬಿಟ್ಟಿದ್ದರು. ಸರಿಯಾಗಿ ಹಾಕಿದೆ. ಪುಟ ನಿಜವಾಗಿಯೂ ಬಾಣದ ಥರ ಬಂತು! ಕುಣಿಯುವುದೊಂದು ಬಾಕಿ. ಆಮೇಲೆ ಪರೀಕ್ಷೆಯ ತಂತ್ರಾಂಶ ತೆರೆದರೆ ಕೆಂಪು ಅಕ್ಷರ: ‘ನಿಮ್ಮ ನೆಟ್‌ವರ್ಕ್ ಸೆಟ್ಟಿಂಗ್ ಬದಲಾಗಿದೆ. ಮೊದಲಿನಂತೆ ಇಡದಿದ್ದರೆ ಪರೀಕ್ಷೆಗೆ ಪ್ರವೇಶವಿಲ್ಲ.’ ನಕಲು ಹೊಡೆಯುವವರ ಕಾಟಕ್ಕೆ ಹೀಗೆ ಮಾಡಿದ್ದಾರಂತೆ. ಹಾಕಿದ್ದನ್ನೆಲ್ಲ ತೆಗೆದು ಮೊದಲಿನ ಹಾಗೇ ಇಟ್ಟೆ. ಬಳೆ ಮತ್ತೆ ತಿರುಗತೊಡಗಿತು.

ಆದರೆ ಒಂದು ತಿಳಿಯಿತು, ಬೇರೆ ನಂಬರ್ ಕೊಟ್ಟರೆ ಅದು ಓಡುತ್ತದೆ. ಕಾಯಿಲೆ ಲ್ಯಾಪ್‌ಟಾಪಿಗಲ್ಲ.

ಮಾರ್ಚ್ 10, ಸೋಮವಾರ

ಎರಡನೆಯದೂ ಹೋಯಿತು. ಹದಿನೇಳು ಪ್ರಶ್ನೆ ಮುಟ್ಟಲಿಲ್ಲ. ಎರಡು ಅಂಕದಲ್ಲಿ ನಪಾಸು.

ಬರೆಯಲು ಮನಸ್ಸಿಲ್ಲ.

ಮಾರ್ಚ್ 12, ಬುಧವಾರ

ಮೇಲಿನ ಮನೆಯ ಟೈಲರ್ ಹತ್ತಿರ ಹೋಗಿದ್ದೆ. ಅವರದೂ ಅದೇ ಕಂಪನಿ, ಅದೇ ಕಂಬದಿಂದ ಬಂದ ತಂತಿ. ಹೊಲಿಗೆ ಮಿಷನ್ ನಿಲ್ಲಿಸಿ, ತಮ್ಮ ಫೋನಿನಲ್ಲಿ ಮಂಡಳಿಯ ಪುಟ ತೆರೆದು ತೋರಿಸಿದರು. ಬೆರಳು ಎತ್ತುವುದರೊಳಗೆ ಬಂತು.

“ನಮಗೂ ಹೋದ ತಿಂಗಳು ಎರಡು ದಿನ ಎಳೀತಿತ್ತಮ್ಮ. ಕಂಪನಿಯೋರು ಅದೇನೋ ಡಿಎನ್ಎಸ್ ಬದಲಾಯಿಸ್ತೀವಿ ಅಂತ ಮೆಸೇಜ್ ಕಳ್ಸಿದ್ರಲ್ಲ? ಅದಾದ್ಮೇಲೆ ತಾನಾಗೇ ಸರಿಹೋಯ್ತು. ನಾನೇನೂ ಮಾಡ್ಲಿಲ್ಲ.”

ಅವರಲ್ಲೇ ಬಂದು ಪರೀಕ್ಷೆ ಬರೆಯಲೇ ಎಂದು ಕೇಳಬೇಕೆಂದುಕೊಂಡೆ. ಒಂದೇ ಕೋಣೆ, ಅದರ ತುಂಬ ಬಟ್ಟೆ, ಅಳತೆ ಕೊಡಲು ಬಂದ ಮೂವರು ಗಿರಾಕಿಗಳು. ಪರೀಕ್ಷೆಯ ಕ್ಯಾಮೆರಾಕ್ಕೆ ನನ್ನನ್ನು ಬಿಟ್ಟು ಬೇರೆಯವರ ಮೊಳಕೈ ಕಂಡರೂ ಮುಗಿಯಿತು. ಮೊಬೈಲಿನ ಇಂಟರ್ನೆಟ್ ನಮ್ಮ ಮನೆಯೊಳಗೆ ಬರುವುದಿಲ್ಲ, ಕೈಯನ್ನು ಕಿಟಕಿಯಿಂದ ಹೊರಗೆ ಚಾಚಬೇಕು.

ಕೆಳಗೆ ಬಂದು ಇವರ ಫೋನಿನಲ್ಲಿ ಹುಡುಕಿದರೆ ಮೆಸೇಜು ಇತ್ತು. ‘ಪ್ರಿಯ ಗ್ರಾಹಕರೇ, ನಮ್ಮ ಡಿಎನ್ಎಸ್ ಸರ್ವರ್‌ಗಳನ್ನು ಬದಲಾಯಿಸಲಾಗುತ್ತಿದೆ. ನೀವು ಏನೂ ಮಾಡಬೇಕಾಗಿಲ್ಲ.’ ಇವರು ಏನೂ ಮಾಡಬೇಕಾಗಿಲ್ಲ ಎನ್ನುವ ಕೆಲಸವನ್ನು ಚೆನ್ನಾಗಿಯೇ ಮಾಡಿದ್ದಾರೆ.

ಮತ್ತೆ ನಮ್ಮದಕ್ಕೆ ಮಾತ್ರ ಯಾಕೆ ಸರಿಹೋಗಲಿಲ್ಲ? ಒಂದೇ ಕಟ್ಟಡ, ಒಂದೇ ತಂತಿ, ಅವರಿಗೆ ವಾಸಿ, ನಮಗಿಲ್ಲ.

ಮಾರ್ಚ್ 15, ಶನಿವಾರ

ಇವತ್ತು ಫೋನ್ ಇಡುವುದಿಲ್ಲ ಎಂದು ಹಟ ಹಿಡಿದು ಕೂತೆ. ಕಾಫಿ ಲೋಟ ಪಕ್ಕದಲ್ಲಿಟ್ಟುಕೊಂಡೇ ಮಾಡಿದೆ. ಅದೃಷ್ಟಕ್ಕೆ ಅದೇ ಒಂದ್ನಿಮಿಷದವರು ಸಿಕ್ಕರು. ನೆಗಡಿ ಇನ್ನೂ ಇದೆ. ಹಬೆ ತೆಗೆದುಕೊಳ್ಳಿ ಎಂದೆ. ಅದಕ್ಕೆ ಕರಗಿದರೋ ಏನೋ, ಇವತ್ತು ವಿವರವಾಗಿ ಹೇಳಿದರು.

“ನೋಡಿ ಮೇಡಂ, ನೀವು ಪುಟದ ಹೆಸರು ಹೊಡೀತೀರಿ. ಕಂಪ್ಯೂಟರಿಗೆ ಹೆಸರಿಂದ ಏನೂ ಗೊತ್ತಾಗಲ್ಲ, ನಂಬರ್ ಬೇಕು. ಹೆಸರು ಕೊಟ್ರೆ ನಂಬರ್ ಹೇಳೋದು ಡಿಎನ್ಎಸ್. ಅಷ್ಟೇ ಅದರ ಕೆಲಸ.”

“ಆಸ್ಪತ್ರೆ ವಿಚಾರಣೆ ಕೌಂಟರ್ ಥರ. ರೋಗಿ ಹೆಸರು ಹೇಳಿದ್ರೆ ಯಾವ ವಾರ್ಡು, ಯಾವ ಮಂಚ ಅಂತ ಹೇಳ್ತಾರಲ್ಲ.”

“ಹಾಂ, ಹಾಗೇ. ಹಳೇ ಕೌಂಟರ್ ಮುಚ್ಚಿಬಿಟ್ಟಿದೀವಿ. ನಿಮ್ಮ ಪೆಟ್ಟಿಗೆ ಇನ್ನೂ ಜನರನ್ನ ಅಲ್ಲಿಗೇ ಕಳಿಸ್ತಿದೆ. ಅವ್ರು ಹೋಗಿ ಮುಚ್ಚಿದ ಕಿಟಕಿ ಮುಂದೆ ನಿಂತು ಕಾದು ಕಾದು, ಆಮೇಲೆ ಎರಡನೇ ಕೌಂಟರಿಗೆ ಹೋಗ್ತಾರೆ. ಅಲ್ಲಿ ಉತ್ತರ ಸಿಗುತ್ತೆ. ಅದಕ್ಕೇ ಪುಟ ತಡ. ಬಂದ ಮೇಲೆ ಫಾಸ್ಟ್. ಅದೂ ಒಂದು ಪುಟ ಅಂದ್ರೆ ಒಂದೇ ಕಡೆಯಿಂದ ಬರಲ್ಲ, ಚಿತ್ರ ಒಂದು ಕಡೆಯಿಂದ, ಗಡಿಯಾರ ಇನ್ನೊಂದು ಕಡೆಯಿಂದ. ಪ್ರತಿ ಸಲಾನೂ ಇದೇ ಪಾಡು.”

“ಮತ್ತೆ ಹೊಸ ಕೌಂಟರ್ ಎಲ್ಲಿದೆ ಅಂತ ನಮ್ಮ ಪೆಟ್ಟಿಗೆಗೆ ಹೇಳಿ!”

“ಎಲ್ಲರ ಪೆಟ್ಟಿಗೆಗೂ ಹೇಳಿದೀವಿ ಮೇಡಂ. ರಾತ್ರಿ ಎರಡರಿಂದ ನಾಲ್ಕರೊಳಗೆ ಹೊಸ ಕೌಂಟರಿನ ನಂಬರ್ ಪೆಟ್ಟಿಗೆಗೆ ತಾನಾಗೇ ಹೋಗುತ್ತೆ. ಒಂದ್ನಿಮಿಷ ಲೈನಲ್ಲಿರಿ.” ಸಂಗೀತ. ಕಾಫಿ ಮುಗಿಯಿತು. “ಮೇಡಂ, ನಿಮ್ಮದಕ್ಕೆ ದಿನಾ ರಾತ್ರಿ ಪ್ರಯತ್ನ ಮಾಡಿದೆ ನಮ್ಮ ಸಿಸ್ಟಂ. ದಿನಾ ರಾತ್ರಿ ನಿಮ್ಮ ಪೆಟ್ಟಿಗೆ ಆಫ್ ಇದೆ.”

“ಆಫಾ? ನಾವು ಯಾರೂ ಆಫ್ ಮಾಡಲ್ಲ.”

“ಆಫ್ ಇದೆ ಮೇಡಂ. ಬೆಳಿಗ್ಗೆ ಆನ್ ಆಗುತ್ತೆ. ಹಗಲು ಕಳಿಸೋಕೆ ನನ್ನ ಕೈಲಿ ಆಗಲ್ಲ. ಒಂದು ರಾತ್ರಿ ಆನ್ ಇಟ್ಟುಬಿಡಿ, ಸಾಕು.”

ಫೋನ್ ಇಟ್ಟೆ. ಒಂದು ರಾತ್ರಿ ಆನ್ ಇದ್ದರೆ ಸಾಕಾಗಿತ್ತು. ಇಷ್ಟು ದಿನ ಇದ್ದದ್ದು ಇಷ್ಟೇ.

ಇವರು ಬಂದ ಮೇಲೆ ಕೇಳಿದೆ. “ಪ್ಲಗ್ ಲೂಸ್ ಇರ್ಬೇಕು. ರಾತ್ರಿ ತಣ್ಣಗಾದ್ಮೇಲೆ ಸಡಿಲ ಆಗುತ್ತೆ” ಎಂದು ಪ್ಲಗ್ಗಿನ ಸುತ್ತ ಅಂಟುಪಟ್ಟಿ ಸುತ್ತಿದರು. ನನಗೂ ಸರಿ ಎನಿಸಿತು. ಅತ್ತೆ ಟೈಲರ್ ಮನೆಯಲ್ಲಿದ್ದರು, ಕುಪ್ಪಸದ ತೋಳು ಬಿಗಿಯಾಗಿದೆ ಎಂದು ಜಗಳಕ್ಕೆ ಹೋಗಿದ್ದರು. ಅವರನ್ನು ಕೇಳುವ ಗೋಜಿಗೆ ಇಬ್ಬರೂ ಹೋಗಲಿಲ್ಲ. ಪೆಟ್ಟಿಗೆಗೂ ಅವರಿಗೂ ಏನು ಸಂಬಂಧ.

ಮಾರ್ಚ್ 16, ಭಾನುವಾರ

ನಾಳೆ ಕೊನೆಯ ಅಣಕು ಪರೀಕ್ಷೆ ಎಂದು ಬೇಗ ಎಚ್ಚರವಾಯಿತು. ಹೊರಗೆ ಇನ್ನೂ ಸರಿಯಾಗಿ ಬೆಳಕಾಗಿರಲಿಲ್ಲ. ಪೆಟ್ಟಿಗೆ ನೋಡೋಣ ಎಂದು ಹಜಾರಕ್ಕೆ ಬಂದರೆ ಅತ್ತೆ ಮಂಚದಿಂದ ಇಳಿದು, ಒಂದು ಕೈ ಸೊಂಟದ ಮೇಲಿಟ್ಟುಕೊಂಡು, ಇನ್ನೊಂದು ಕೈಯಲ್ಲಿ ಗೋಡೆ ತಡವುತ್ತಿದ್ದರು. ಸ್ವಿಚ್ ಸಿಕ್ಕಿತು. ಟಕ್ ಎಂದಿತು. ಪೆಟ್ಟಿಗೆಯ ನಾಲ್ಕು ದೀಪ ಒಂದೊಂದಾಗಿ ಹೊತ್ತಿಕೊಂಡವು.

ನನ್ನನ್ನು ನೋಡಿ ಬೆಚ್ಚಿಬಿದ್ದರು. “ಅಯ್ಯೋ, ಇಷ್ಟು ಬೇಗ ಎದ್ಯಾ?”

“ಅತ್ತೆ, ದಿನಾ ರಾತ್ರಿ ನೀವು ಇದನ್ನ ಆರಿಸ್ತೀರಾ?”

“ಆರಿಸ್ತೀನಿ. ನೀನು ಓದಿ ಮಲಗಿದ ಮೇಲೆ ಆರಿಸ್ತೀನಿ, ನೀನು ಏಳೋದ್ರೊಳಗೆ ಹಾಕ್ತೀನಿ. ಯಾಕೆ, ಏನಾಯ್ತು?”

“ಯಾಕೆ ಅತ್ತೆ?”

“ಕಣ್ಣಿಗೆ ಚುಚ್ಚುತ್ತೆ ಕಣೇ. ರಾತ್ರಿಯೆಲ್ಲಾ ಮಿಣಕ್ ಮಿಣಕ್ ಅಂತಿರುತ್ತೆ ಮುಖದ ಮೇಲೆ. ಆ ಕಡೆ ತಿರುಗೋಣ ಅಂದ್ರೆ ನನ್ನ ಈ ಭುಜ ನೋಯುತ್ತೆ. ಬಟ್ಟೆ ಮುಚ್ಚೋಣ ಅಂತಿದ್ದೆ, ಪೆಟ್ಟಿಗೆ ಬಿಸಿಯಾಗುತ್ತೆ, ಹೊತ್ತಿಕೊಂಡ್ರೆ?”

“ಒಂದ್ ಮಾತು ಹೇಳ್ಬಾರ್ದಿತ್ತಾ ನನಗೆ?”

“ಹೇಳಿದ್ರೆ ನೀನು ಮೇಜು ಹೊರಗೆ ಹಾಕಿ, ಮಂಚ ಒಳಗೆ ಹಾಕ್ತಿದ್ದೆ. ಆಮೇಲೆ ಎಲ್ಲಿ ಕೂತು ಓದ್ತಿದ್ದೆ? ಅಡುಗೆಮನೆ ಕಟ್ಟೆ ಮೇಲಾ?”

ನಾನು ಗೋಡೆಗೆ ಒರಗಿ ನಿಂತೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನನ್ನ ಓದಿಗೆ ತೊಂದರೆ ಆಗಬಾರದು ಎಂದು ಅತ್ತೆ ಮಾಡಿದ್ದೇ ಎರಡು ಪರೀಕ್ಷೆ ನುಂಗಿತ್ತು. ಹೇಳದೆ ಇರಲೂ ಆಗಲಿಲ್ಲ, ರಾತ್ರಿ ಆರಿಸಬಾರದಲ್ಲ. ಕೌಂಟರಿನ ಕಥೆಯಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಅತ್ತೆ ಮಂಚದ ಮೇಲೆ ಕೂತು ಕೇಳಿದರು. ಮುಖ ಸಣ್ಣದಾಯಿತು.

“ಅಂದ್ರೆ ನೀನು ಎರಡು ಸಲ ಫೇಲಾಗಿದ್ದು ನನ್ನಿಂದ.”

“ಹಾಗಲ್ಲ ಅತ್ತೆ.”

“ಹಾಗೇನೇ. ಹೌದು ಅನ್ನು, ನಾನೇನು ಬಿದ್ದುಹೋಗಲ್ಲ.”

“ಸ್ವಲ್ಪ ನಿಮ್ಮಿಂದ. ಸ್ವಲ್ಪ ಮೂತ್ರಪಿಂಡದ ಅಧ್ಯಾಯದಿಂದ. ಅದನ್ನ ನಾನು ಸರಿಯಾಗಿ ಓದಿರ್ಲಿಲ್ಲ.”

ಅದಕ್ಕೆ ಅವರಿಗೂ ನಗು ಬಂತು. ನಾನು ಔಷಧಿ ಡಬ್ಬಿಯಿಂದ ಗಾಯಕ್ಕೆ ಅಂಟಿಸುವ ಪ್ಲಾಸ್ಟರ್ ತಂದು, ಚಿಕ್ಕ ಚಿಕ್ಕ ತುಂಡು ಕತ್ತರಿಸಿ, ನಾಲ್ಕು ದೀಪಗಳ ಮೇಲೂ ಅಂಟಿಸಿದೆ. ಇಷ್ಟು ವಾರದ ಕಾಯಿಲೆಗೆ ಬೆರಳುದ್ದದ ಪ್ಲಾಸ್ಟರ್ ಸಾಕಾಯಿತು. ಇವರಿಗೆ ಹೇಳಬೇಡ ಎಂದರು ಅತ್ತೆ. ಹೇಳುವುದಿಲ್ಲ. ಪ್ಲಗ್ಗೇ ಲೂಸ್ ಇತ್ತು ಎಂದುಕೊಂಡಿರಲಿ, ಅವರಿಗೂ ಸಂತೋಷ.

ಇವತ್ತು ರಾತ್ರಿ ಕೋಣೆಯಲ್ಲೇ ಮಲಗಿ, ಹೇಗಾದರೂ ಹಾಸಿಗೆ ಹಾಕಿಕೊಡುತ್ತೇನೆ ಎಂದರೆ ಕೇಳುತ್ತಿಲ್ಲ. “ಪೆಟ್ಟಿಗೆ ಕಾಯೋರು ಯಾರು?” ಎನ್ನುತ್ತಾರೆ. ನಾನೂ ಹಜಾರದಲ್ಲೇ ಚಾಪೆ ಹಾಸಿಕೊಳ್ಳುತ್ತೇನೆ.

ಮಾರ್ಚ್ 17, ಸೋಮವಾರ

ಬೆಳಿಗ್ಗೆ ಅತ್ತೆಯೇ ಕಾಲು ಅಲುಗಾಡಿಸಿ ಎಬ್ಬಿಸಿದರು. “ಹೋಗಿ ನೋಡು ಮೊದ್ಲು. ಮುಖ ಆಮೇಲೆ ತೊಳಿ.”

ಮಂಡಳಿಯ ಪುಟ ತೆರೆದೆ. ಒತ್ತಿದ ಬೆರಳು ಇನ್ನೂ ಮೇಲೆ ಬಂದಿರಲಿಲ್ಲ, ಪುಟ ಎದುರಿಗಿತ್ತು. ಮುಚ್ಚಿ ಮತ್ತೆ ತೆರೆದೆ. ಮತ್ತೊಂದು ತೆರೆದೆ. ಸುಮ್ಮನೆ ಹವಾಮಾನದ ಪುಟ, ರೈಲಿನ ಪುಟ, ಎಂದೂ ಮಾಡದ ಅಡುಗೆಯ ಪುಟ, ಕಂಡದ್ದೆಲ್ಲ ತೆರೆದೆ.

“ಬಂತಾ?” ಬಾಗಿಲಿನಿಂದ ಅತ್ತೆ.

“ಬಂತು!”

“ಹಾಗಾದ್ರೆ ಸುಮ್ನೆ ಅದನ್ನ ಸವೆಸ್ಬೇಡ. ಸ್ನಾನ ಮಾಡು.”

ಪರೀಕ್ಷೆ ಹತ್ತು ಗಂಟೆಗೆ. ಕೊನೆಯ ಪ್ರಶ್ನೆಯವರೆಗೂ ಹೋದೆ, ಹಿಂದೆ ಬಂದು ಅನುಮಾನ ಇದ್ದವನ್ನು ಮತ್ತೆ ನೋಡಿದೆ. ಪಾಸು, ಚೆನ್ನಾಗಿಯೇ. ಹೊರಗೆ ಬಂದಾಗ ಅತ್ತೆ “ಎಷ್ಟು ಬಂತು?” ಎಂದು ಕೇಳಿದರು. ಹೇಳಿದೆ. “ಉಳಿದಿದ್ದು ಎಲ್ಲಿ ಹೋಯ್ತು?” ಎಂದರು.

ಒಂದ್ನಿಮಿಷದವರಿಗೆ ಫೋನ್ ಮಾಡಿ ಹೇಳೋಣ ಎಂದಿದ್ದೆ. ಬೇರೆ ಯಾರೋ ಎತ್ತಿಕೊಂಡರು. ನೆಗಡಿಯವರಿಗೆ ತಿಳಿಸಿ ಎಂದೆ, ಯಾರು ಎಂದು ಅವರಿಗೆ ಗೊತ್ತಾಯಿತು.

ಮಾರ್ಚ್ 22, ಶನಿವಾರ

ಬಟ್ಟೆ ಮಡಚುತ್ತಾ ಓದುತ್ತಿದ್ದೆ. ಕೋಣೆಯಲ್ಲಿ ಸೆಕೆ, ಪುಸ್ತಕ ಹಜಾರಕ್ಕೇ ತಂದುಕೊಂಡಿದ್ದೇನೆ ಈಗೀಗ. ಅತ್ತೆ ಪುಸ್ತಕ ಕಸಿದುಕೊಂಡು ಮಂಚದ ಮೇಲೆ ಕೂತು ಪ್ರಶ್ನೆ ಕೇಳತೊಡಗಿದರು. ಒಳ್ಳೆಯ ಮೇಷ್ಟ್ರು, ಉತ್ತರ ಅರ್ಧ ಹೇಳಿದರೆ ಒಪ್ಪುವುದಿಲ್ಲ. “ಬಹಳ ದಿನ ಮಲಗಿದ ರೋಗಿಗೆ ಬೆನ್ನು ಹುಣ್ಣಾಗದ ಹಾಗೆ ಏನು ಮಾಡ್ಬೇಕು?” ಎಂದು ಓದಿ, ನಾನು ಬಾಯಿ ತೆರೆಯುವ ಮೊದಲೇ “ಮಗ್ಗುಲು ಬದಲಾಯಿಸ್ತಾ ಇರ್ಬೇಕು, ಹಾಸಿಗೆ ಮಡಿಕೆ ಇಲ್ಲದ ಹಾಗೆ ಎಳೀಬೇಕು, ಚರ್ಮ ಒಣಗಿಸ್ಬೇಕು” ಎಂದು ತಾವೇ ಹೇಳಿ ಹಾಳೆ ತಿರುಗಿಸಿದರು. ಪುಸ್ತಕದಲ್ಲೂ ಹಾಗೇ ಇದೆ.

ಟೈಲರ್ ಬಂದಿದ್ದರು. ಅವರ ಅಕ್ಕನ ಮನೆಯಲ್ಲಿ ಪುಟ ಎಳೆಯುತ್ತದಂತೆ. ಲ್ಯಾಪ್‌ಟಾಪಾ, ಎಲ್ಲ ಫೋನುಗಳಲ್ಲೂನಾ, ವೇಗ ಎಷ್ಟು ತೋರಿಸುತ್ತದೆ, ರಾತ್ರಿ ಆರಿಸುತ್ತಾರಾ ಎಂದು ಕೇಳಿಕೊಂಡು, ಏನು ಮಾಡಬೇಕು ಎಂದು ಚೀಟಿಯಲ್ಲಿ ಬರೆದುಕೊಟ್ಟೆ. ಇವರು ಪಕ್ಕದಲ್ಲೇ ಕೂತು ಪೇಪರ್ ಓದುತ್ತಿದ್ದರು.

ಮಾರ್ಚ್ 28, ಶುಕ್ರವಾರ

ಪರೀಕ್ಷೆ ಆಯಿತು. ಮೂತ್ರಪಿಂಡ ಬಂದಿತ್ತು. ಗೊತ್ತಿತ್ತು.

ಏಪ್ರಿಲ್ 11, ಶುಕ್ರವಾರ

ಫಲಿತಾಂಶ ಹನ್ನೊಂದಕ್ಕೆ ಎಂದಿದ್ದರು. ಹತ್ತೂವರೆಯಿಂದಲೇ ಅತ್ತೆ ನನ್ನ ಪಕ್ಕ ಸ್ಟೂಲ್ ಹಾಕಿಕೊಂಡು ಕೂತರು. ಇವರು ಡಿಪೋದಿಂದ ಎರಡು ಸಲ ಫೋನ್ ಮಾಡಿದರು. ನೋಂದಣಿ ಸಂಖ್ಯೆ ಹೊಡೆದು ಒತ್ತಿದೆ. ಬಳೆ ತಿರುಗುತ್ತಿದ್ದ ಕಾಲದಲ್ಲಿ ಹೆದರುವುದಕ್ಕೆ, ಧೈರ್ಯ ತಂದುಕೊಳ್ಳುವುದಕ್ಕೆ ಸಮಯ ಇರುತ್ತಿತ್ತು. ಈಗ ಉಸಿರು ಎಳೆದುಕೊಳ್ಳಲೂ ಬಿಡಲಿಲ್ಲ. ‘ಉತ್ತೀರ್ಣ’ ಎಂದು ಬಂದುಬಿಟ್ಟಿತು.

“ಏನಂತೆ? ಏನಂತೆ? ನಂಗೆ ಆ ಅಕ್ಷರ ಸಣ್ಣ ಕಾಣುತ್ತೆ.”

“ಪಾಸು ಅತ್ತೆ.”

ಅತ್ತೆ ಎದ್ದು ಸೆರಗಿನಿಂದ ಲ್ಯಾಪ್‌ಟಾಪಿನ ಪರದೆಯನ್ನು ಒರೆಸಿದರು. ಅದರ ಮೇಲೆ ಧೂಳೇನೂ ಇರಲಿಲ್ಲ. ಒರೆಸಿ, ಒಳಗೆ ಹೋಗಿ ಅಕ್ಕಿ ಇಟ್ಟರು. ನಾನು ಅಲ್ಲೇ ಕೂತು ಚೆನ್ನಾಗಿ ಅತ್ತುಬಿಟ್ಟೆ, ಸಂತೋಷಕ್ಕೆ.

ಏಪ್ರಿಲ್ 23, ಬುಧವಾರ

ಆಸ್ಪತ್ರೆಯಿಂದ ಕರೆ ಬಂತು. ಎರಡು ಬಸ್ ನಿಲ್ದಾಣದ ಆಚೆ ಇರುವ ದೊಡ್ಡ ಆಸ್ಪತ್ರೆ. ಸೋಮವಾರದಿಂದ ಬನ್ನಿ ಎಂದರು. ಮೊದಲ ಮೂರು ತಿಂಗಳು ರಾತ್ರಿ ಪಾಳಿ.

ಊಟದ ಹೊತ್ತಿಗೆ ಹೇಳಿದೆ. ಇವರು ತುತ್ತು ಕೆಳಗಿಟ್ಟರು.

“ರಾತ್ರಿ ಪಾಳಿನಾ? ಅದೆಲ್ಲಾ ಆಗಲ್ಲ ಬಿಡು. ಹಗಲಿಂದು ಸಿಗೋವರೆಗೂ ಕಾಯೋಣ.”

“ಹಗಲಿಂದು ಕೇಳಿದೆ ರೀ. ಈಗ ಇಲ್ವಂತೆ.”

“ಇಲ್ದಿದ್ರೆ ಬೇಡ. ರಾತ್ರಿಯೆಲ್ಲಾ ಎದ್ದಿರೋದು ಅಂದ್ರೆ ಹುಡುಗಾಟನಾ? ನಿನಗೆ ಅಭ್ಯಾಸ ಎಲ್ಲಿದೆ? ನಾಲ್ಕು ದಿನಕ್ಕೆ ನೀನೇ ಮಂಚ ಹಿಡೀತೀಯ.”

 ಬೇಡ ಎಂದರೆ ಬೇಡವೇ ಇರಬಹುದು ಎಂದು ನನಗೂ ಒಂದು ಕ್ಷಣ ಅನಿಸಿತು. ಅಷ್ಟರಲ್ಲಿ ಅತ್ತೆ ಬಡಿಸುವ ಸೌಟನ್ನು ಪಾತ್ರೆಯೊಳಗೆ ಬಿಟ್ಟರು.

“ಅಭ್ಯಾಸ ಎಲ್ಲಿದೆ ಅಂತ ಕೇಳ್ತೀಯಲ್ಲೋ, ನಿಮ್ಮಪ್ಪ ಮಲಗಿದ್ದಷ್ಟು ವರ್ಷ ರಾತ್ರಿ ಎದ್ದು ಕೂತಿದ್ದು ಯಾರು? ನೀನಾ?”

“ಅಮ್ಮಾ, ಅದು ಬೇರೆ…”

“ಏನೂ ಬೇರೆ ಇಲ್ಲ. ಅವರು ಒಂದು ಸಲ ನರಳಿದ್ರೆ ಇವಳು ಎದ್ದು ಬರೋಳು. ನೀನು ಆ ಕೋಣೇಲಿ ಗೊರಕೆ ಹೊಡೀತಿದ್ದೆ. ನಾನು ಇದೇ ಮನೇಲಿ, ಅವರ ಪಕ್ಕದಲ್ಲೇ, ಗೋಡೆ ಕಡೆ ತಿರುಗಿ ಮಲಗಿರ್ತಿದ್ದೆ. ನಂಗೆ ಎಚ್ಚರ ಇರ್ತಿತ್ತು. ಎದ್ರೆ ಮಾಡ್ಬೇಕಾಗುತ್ತಲ್ಲ ಅಂತ ಕಣ್ಣು ಮುಚ್ಕೊಂಡಿರ್ತಿದ್ದೆ.” ಅತ್ತೆ ಸೌಟನ್ನು ಮತ್ತೆ ಕೈಗೆತ್ತಿಕೊಂಡರು. “ದಿನಾ ರಾತ್ರಿ. ಇವಳು ಒಂದಿನಾನೂ ನನ್ನ ಎಬ್ಬಿಸ್ಲಿಲ್ಲ. ಆಗ ನಿನಗೆ ರಾತ್ರಿ ಪಾಳಿ ಅನ್ನೋದು ಕಾಣಿಸ್ಲಿಲ್ವಾ? ಈಗ ಬೇರೆಯವರ ಮನೆಯೋರನ್ನ ನೋಡ್ಕೊಳ್ಳೋಕೆ ಹೊರಟಾಗ ಕಾಣಿಸ್ತಾ?”

ಇವರು ತಟ್ಟೆಯಲ್ಲಿ ಅನ್ನ ಕಲಸಿಕೊಂಡರು. ಆಮೇಲೆ, “ಬಸ್ಸು ರಾತ್ರಿ ಒಂಬತ್ತಕ್ಕೆ ಒಂದಿದೆ. ಅದಕ್ಕೆ ಹೋದ್ರೆ ಸರಿಯಾಗುತ್ತೆ” ಎಂದರು. ನನ್ನ ಮುಖ ನೋಡದೆ ಹೇಳಿದರು, ಆದರೂ ಹೇಳಿದರು.

ನಾನು ಪಾತ್ರೆ ತೊಳೆಯುವಾಗ ಅತ್ತೆ ಪಕ್ಕಕ್ಕೆ ಬಂದು ನಿಂತರು. ತೊಳೆದ ಲೋಟಗಳನ್ನು ಒಂದೊಂದಾಗಿ ಒರೆಸಿ ಜೋಡಿಸಿದರು.  ಅವರಿಗೆ ಎಚ್ಚರ ಇರುತ್ತಿತ್ತು ಎಂದು ನನಗೆ ಆಗಲೇ ಗೊತ್ತಿತ್ತು. ಮಲಗಿದವರ ಉಸಿರು ಹೇಗಿರುತ್ತದೆ ಎಂದು ನರ್ಸಿಗೆ ತಿಳಿಯದೇ? ಅದನ್ನು ಹೇಳಲಿಲ್ಲ, ಹೇಳುವುದೂ ಇಲ್ಲ.

“ಮೇಜು ತೆಗೆದು ನನ್ನ ಮಂಚ ಕೋಣೆಗೆ ಹಾಕ್ಸು” ಎಂದರು ಕೊನೆಗೆ.

“ಹೂಂ ಅತ್ತೆ, ನಾಳೇನೇ ಹಾಕ್ಸ್ತೀನಿ. ನಿಮಗೂ ಎಷ್ಟು ದಿನ ಹಜಾರ.”

“ನನಗಲ್ಲ ಕಣೇ. ಬೆಳಿಗ್ಗೆ ಪಾಳಿ ಮುಗಿಸ್ಕೊಂಡ್ ಬಂದು ನೀನೆಲ್ಲಿ ಮಲಗ್ತೀಯ? ಇವನು ಮಧ್ಯಾಹ್ನ ಬಂದು ನಿಮ್ಮ ಕೋಣೇಲಿ ಟಿವಿ ಹಾಕ್ತಾನೆ. ಹಗಲು ನೀನು ಬಾಗಿಲು ಹಾಕ್ಕೊಂಡು ಆ ಮಂಚದ ಮೇಲೆ ಮಲಗು, ರಾತ್ರಿ ನಾನು ಮಲಗ್ತೀನಿ. ಯಾರಾದ್ರೂ ಬಾಗಿಲು ತಟ್ಟಿದ್ರೆ ನಾನು ಎದ್ದಿರ್ತೀನಿ, ನೋಡ್ಕೋತೀನಿ.”